ಕಾಲರಿನ ಹಿಂದಿನ ಛತ್ರಿ

ಗುಮ್ಮಟನ ಹೆಂಡತಿಗೆ ಅನುಮಾನ ಎನ್ನುವುದು ಹುಟ್ಟುಗುಣ. ಹಾಲು ನೀರಾಗಿದ್ದರೆ ಹಾಲಿನವನ ಮೇಲೆ ಅನುಮಾನ, ಗಟ್ಟಿಯಾಗಿದ್ದರೆ ಅದಕ್ಕೆ ಏನು ಬೆರೆಸಿದನೋ ಎಂದು ಇನ್ನೂ ಹೆಚ್ಚಿನ ಅನುಮಾನ. ಪಕ್ಕದ ಮನೆಯವಳು ನಕ್ಕು ಮಾತಾಡಿಸಿದರೆ ಏನೋ ಕೇಳಲು ಬಂದಿದ್ದಾಳೆ, ಮಾತಾಡಿಸದೆ ಹೋದರೆ ಏನೋ ಮುಚ್ಚಿಡುತ್ತಿದ್ದಾಳೆ. ಇಂಥವಳಿಗೆ ಗಂಡನ ಜೊತೆಗಾರ ಕಂಬನ ಮೇಲೆ ನಲವತ್ತು ವರ್ಷ ಒಂದು ದಿನವೂ ಅನುಮಾನ ಬಂದಿರಲಿಲ್ಲ ಎಂದರೆ ನಂಬುವುದು ಕಷ್ಟ. ಕೊನೆಗೆ ಬಂದಾಗ ಮಾತ್ರ ಬಡ್ಡಿ ಸಮೇತ ಬಂತು.

ಗುಮ್ಮಟ ಯಾರು ಎಂದು ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ದುಂಡಗೆ ಹೊಳೆಯುವ ಬೋಳುತಲೆಯಿಂದ ಬಂದ ಹೆಸರು ಅದು. ತಂದೆತಾಯಿ ಇಟ್ಟ ಹೆಸರನ್ನು ಅವನ ಮನೆಗೆ ಬರುವ ಅಂಚೆಯವನೂ ಮರೆತಿದ್ದ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಸಿನಿಮಾ ಟೆಂಟಿನ ಗಾಡಿ ಹತ್ತಿ, ಬಾಯಿಗೆ ತಗಡಿನ ಕೊಳವೆ ಹಿಡಿದು, ಬೀದಿ ಬೀದಿಯಲ್ಲಿ ಆಟದ ಪ್ರಚಾರ ಮಾಡುತ್ತಿದ್ದ. ಜನ ಅವನ ಮಾತು ಕೇಳಿ ಹೊಟ್ಟೆ ತುಂಬ ನಕ್ಕು, ಇನ್ನು ಸಿನಿಮಾ ಯಾಕೆ ಎಂದು ಮನೆಗೆ ಹೋಗುತ್ತಿದ್ದರು. ಟೆಂಟಿನ ಮಾಲೀಕ ಅವನನ್ನು ಗಾಡಿಯಿಂದ ಇಳಿಸಿ ಕಳಿಸಿದ.

ಆಮೇಲೆ ಊರೂರು ತಿರುಗುವ ನಾಟಕ ಕಂಪನಿ. ಅಲ್ಲಿ ಅವನಿಗೆ ಸಿಕ್ಕಿದ್ದು ದೂತನ ಪಾತ್ರ, ಇದ್ದದ್ದು ಒಂದೇ ಮಾತು: 'ಪ್ರಭು, ಶತ್ರುಸೈನ್ಯ ಬಾಗಿಲಿಗೆ ಬಂದಿದೆ.' ಮೊದಲ ದಿನ ಸಿಂಹಾಸನದ ಮುಂದೆ ನಿಂತವನಿಗೆ ಆ ಒಂದು ಮಾತೂ ಮರೆತುಹೋಯಿತು. 'ಪ್ರಭು, ಯಾರೋ ಬಂದಿದಾರೆ. ಯಾರು ಅಂತ ಬರೋ ದಾರೀಲಿ ಮರೆತುಹೋಯ್ತು' ಎಂದುಬಿಟ್ಟ. ಸಿಂಹಾಸನದ ಮೇಲೆ ಕೂತಿದ್ದ ಉದ್ದನೆಯ ರಾಜ ಮುಖದ ಒಂದು ನರವನ್ನೂ ಅಲುಗಿಸದೆ, 'ಹೋಗಿ ಕೇಳಿಕೊಂಡು ಬಾ' ಎಂದ. ನಾಟಕ ದುರಂತದ್ದು; ಆದರೆ ಅಂದು ಸಾಯುವ ದೃಶ್ಯದಲ್ಲೂ ಜನ ನಗುವುದನ್ನು ನಿಲ್ಲಿಸಲಿಲ್ಲ. ಆ ರಾಜನೇ ಕಂಬ. ಗುಮ್ಮಟಕ್ಕೆ ಕಂಬ ಸಿಕ್ಕಿದ್ದು ಹೀಗೆ, ಒಂದು ಮರೆವಿನಿಂದ.

ಮರೆವೇ ಇಬ್ಬರಿಗೂ ಅನ್ನವಾಯಿತು. ರೇಡಿಯೋದಲ್ಲಿ ಇವರ ಕಾರ್ಯಕ್ರಮ ಬರುವ ಹೊತ್ತಿಗೆ ಕ್ಷೌರದಂಗಡಿಯವರು ಕತ್ತಿ ಕೆಳಗಿಟ್ಟು ಕೂರುತ್ತಿದ್ದರು. ನಗುವ ಗಿರಾಕಿಯ ಕೊರಳಿಗೆ ಕತ್ತಿ ಹಿಡಿಯುವ ಧೈರ್ಯ ಯಾರಿಗಿದೆ? ನಾಲ್ಕಾರು ಸಿನಿಮಾಗಳೂ ಆದವು. ಸಾವಿನ ಮನೆಗೆ ಹೋದರೂ ಜನ ಗುಮ್ಮಟನ ಮುಖ ನೋಡಿ ನಗುತ್ತಿದ್ದರು. ಒಮ್ಮೆ ವಿಧವೆಯೇ ನಕ್ಕ ಮೇಲೆ ಅವನು ಅಂಥ ಮನೆಗಳಿಗೆ ಹಿಂಬಾಗಿಲಿನಿಂದ ಹೋಗಿ, ತಲೆ ತಗ್ಗಿಸಿ ನಿಂತು ಬರುತ್ತಿದ್ದ.

ಆದರೆ ಜನ ಮತ್ತೆ ಮತ್ತೆ ಕೇಳಿ ನೋಡುತ್ತಿದ್ದುದು ಒಂದೇ ಪ್ರಹಸನ, 'ಕಳೆದ ವಸ್ತುಗಳ ಕಚೇರಿ'. ಕಂಬ ಗುಮಾಸ್ತ, ಮೇಜಿನ ಹಿಂದೆ ಕೂತಿರುತ್ತಾನೆ. ಗುಮ್ಮಟ ಕಳೆದ ಛತ್ರಿ ಕೇಳಲು ಬರುತ್ತಾನೆ. ಅವನು ಬೆನ್ನು ತಿರುಗಿಸಿದ ಕೂಡಲೆ ಎಲ್ಲರಿಗೂ ಕಾಣುತ್ತದೆ: ಛತ್ರಿ ಅವನ ಕೋಟಿನ ಕಾಲರಿಗೇ ನೇತಾಡುತ್ತಿದೆ. 'ಬಣ್ಣ?' ಎಂದು ಗುಮಾಸ್ತ ಕೇಳುತ್ತಾನೆ. ಗುಮ್ಮಟ ತುಂಬ ಹೊತ್ತು ಯೋಚಿಸಿ, 'ಕಪ್ಪು. ಸಾಲ ಕೇಳೋಕೆ ಬಂದು ಬರಿಗೈಲಿ ಹೋದ ಭಾವಮೈದುನನ ಮುಖದ ಬಣ್ಣ' ಎನ್ನುತ್ತಾನೆ. 'ಹಿಡಿ?' 'ಬಾತುಕೋಳಿ ತಲೆ. ನನ್ನ ಹೆಂಡತಿ ನನಗಿಂತ ಅದರ ಹತ್ರಾನೇ ಜಾಸ್ತಿ ಮಾತಾಡ್ತಾಳೆ.' 'ಎಲ್ಲಿ ಕಳೆದಿರಿ?' 'ಅದು ಗೊತ್ತಿದ್ರೆ ಅಲ್ಲೇ ಹೋಗಿ ತಗೋತಿದ್ದೆ, ನಿಮ್ಮ ಮುಖ ಯಾಕೆ ನೋಡ್ತಿದ್ದೆ?' ಕೊನೆಗೆ ಗುಮಾಸ್ತ ಎದ್ದು ಬಂದು ಕಾಲರಿನಿಂದ ಛತ್ರಿ ತೆಗೆದು, 'ಸಿಕ್ಕಿದೆ. ಸಹಿ ಹಾಕಿ ತಗೊಂಡು ಹೋಗಿ' ಎನ್ನುತ್ತಾನೆ. ಕಾಗದ ಸಿಗುವುದಿಲ್ಲ. ಗುಮ್ಮಟ ಅವನ ಅಂಗೈ ಮೇಲೇ ಬೆರಳಿನಿಂದ ಸಹಿ ಹಾಕುತ್ತಾನೆ, ಪರದೆ ಬೀಳುತ್ತದೆ.

ಆ ಕಾಲರಿಗೆ ಕೊಕ್ಕೆ ಹೊಲಿಯುತ್ತಿದ್ದವಳು ಹೆಂಡತಿ. ಹೊಲಿದು ಮುಗಿಸಿ ಅವಳು ಹಿಂಪರದೆಯ ಹಿಂದೆ ಬಟ್ಟೆಯ ಪೆಟ್ಟಿಗೆಯ ಮೇಲೆ ಕೂರುವಳು. ಮೊದಮೊದಲು ಪರದೆಯ ಸೀಳಿನಿಂದ ನೋಡುತ್ತಿದ್ದಳು. ಗಂಡ ಮರೆತವನಂತೆ ನಿಂತಾಗ ಬೆನ್ನ ಹಿಂದೆ ಅವನ ಎಡಗೈ ಬೆರಳು ಕೋಟಿಗೆ ಟಕ್ ಟಕ್ ಎಂದು ಬಡಿಯುತ್ತಿರುತ್ತಿತ್ತು. ಎಷ್ಟು ಹೊತ್ತು ಸುಮ್ಮನಿದ್ದರೆ ನಗು ತಾನಾಗಿ ಉಕ್ಕುತ್ತದೆ ಎಂದು ಲೆಕ್ಕ ಹಾಕುವ ಬೆರಳು ಅದು. ಆ ಗುಟ್ಟು ಅವಳಿಗೂ ಕಂಬನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಈಚೆಗೆ ಅವಳು ನೋಡುವುದನ್ನೇ ಬಿಟ್ಟಿದ್ದಳು. ನಗುವಿನ ಸದ್ದು ಕೇಳಿಯೇ ಆಟ ಎಲ್ಲಿಗೆ ಬಂತು ಎಂದು ಹೇಳಬಲ್ಲವಳಿಗೆ ನೋಡುವ ಅಗತ್ಯವೇನು?

ಮನೆಯಲ್ಲೂ ಗುಮ್ಮಟ ಹಾಗೇ. ಚಪ್ಪಲಿಯನ್ನು ಕಪಾಟಿನಲ್ಲಿಟ್ಟು ಮನೆಯೆಲ್ಲ ಹುಡುಕುವನು. ಈಚೆಗೊಮ್ಮೆ ಮಾರುಕಟ್ಟೆಗೆ ಹೋದವನು ಖಾಲಿ ಚೀಲ ಹಿಡಿದು ಬಂದು, 'ಲೇ, ನಾನು ಯಾಕೆ ಹೋಗಿದ್ದೆ ಅಂತ ಕೇಳೋಕೆ ಬಂದೆ ಕಣೇ' ಎಂದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕರೆ ಅವನ ಮುಖ ಅರಳುತ್ತಿತ್ತು. ಸಾವಿರ ಜನ ನಕ್ಕರೂ ಮನೆಯಲ್ಲಿ ಇವಳೊಬ್ಬಳು ನಗದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಇಷ್ಟು ಚೆನ್ನಾಗಿದ್ದ ಸಂಸಾರಕ್ಕೆ ಹುಳಿ ಬಿದ್ದದ್ದು ಒಂದು ಸಂಜೆ. ಹಿಂಪರದೆಯ ಹಿಂದೆ ಕೂತು ಗುಂಡಿ ಹೊಲಿಯುತ್ತಿದ್ದವಳ ಸೂಜಿ ನಿಂತಿತು. 'ಬಣ್ಣ?' ಎಂದು ಕೇಳಬೇಕಾದ ಕಂಬ, 'ಕಪ್ಪು ಛತ್ರಿ ತಾನೇ? ಬರಿಗೈಲಿ ಹೋದ ಭಾವಮೈದುನನ ಮುಖದ ಬಣ್ಣ?' ಎಂದು ಕೇಳಿದ್ದ. ಜನ ನಕ್ಕರು. ಅವಳ ಗಂಡ ಬರೀ 'ಹೌದು ಹೌದು' ಎಂದ. ಮುಂದಿನ ಪ್ರಶ್ನೆಯೂ ಹಾಗೇ. ಬಾತುಕೋಳಿಯೂ ಕಂಬನ ಬಾಯಲ್ಲಿ, ಹೆಂಡತಿಯ ಮಾತೂ ಕಂಬನ ಬಾಯಲ್ಲಿ. ಗಂಡ ನಲವತ್ತು ವರ್ಷ ಬೆವರು ಸುರಿಸಿ ಬೆಳೆಸಿದ ನಗುವನ್ನು ಈ ಮನುಷ್ಯ ಕಣ್ಣೆದುರೇ ಕೊಯ್ದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

'ಏನ್ರೀ, ಅವನು ನಿಮ್ಮ ಮಾತನ್ನೆಲ್ಲ ಕದೀತಿದಾನೆ, ನೀವು ಬಾಯಿ ಮುಚ್ಕೊಂಡು ನಿಂತಿದೀರಲ್ಲ?' ಎಂದು ಮನೆಯಲ್ಲಿ ಕೇಳಿದಳು.

'ಯಾವ ಮಾತು?' ಎಂದ ಗುಮ್ಮಟ.

'ಇದರಲ್ಲೂ ತಮಾಷೇನಾ ನಿಮಗೆ!' ಎಂದು ಅವಳು ಸಿಡುಕಿದಳು. ಅವನು ಸುಮ್ಮನೆ ನಕ್ಕ.

ಒಮ್ಮೆ ಅನುಮಾನ ಹೊಕ್ಕಿತೆಂದರೆ ಮುಗಿಯಿತು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಣ್ಣದ ಕೋಣೆಯಲ್ಲಿ ಇಬ್ಬರೂ ಪಿಸುಗುಟ್ಟುತ್ತಿರುವುದು, ಅವಳು ಕಾಲಿಟ್ಟ ಕೂಡಲೆ ಮಾತು ನಿಲ್ಲುವುದು ಈಗ ಕಣ್ಣಿಗೆ ಬಿತ್ತು. ಕಂಬ ಈಚೆಗೆ ಬೆಳಿಗ್ಗೆ ಬೆಳಿಗ್ಗೆಯೇ ಬಂದು 'ಬಾ ಅಣ್ಣ, ಸುತ್ತಾಡ್ಕೊಂಡು ಬರೋಣ' ಎಂದು ಗಂಡನನ್ನು ಕರೆದೊಯ್ಯುತ್ತಿದ್ದ. ಹೋಗುವಾಗ ನಗುತ್ತಾ ಹೋದ ಗಂಡ ಬರುವಾಗ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದ. ಮೊದಲೆಲ್ಲ ಒಂಬತ್ತಕ್ಕೆ ಮುಂಚೆ ಹಾಸಿಗೆ ಬಿಡದ ಕಂಬನಿಗೆ ಇದೆಂಥ ಹೊಸ ಆರೋಗ್ಯದ ಹುಚ್ಚು?

ಒಂದು ಬೆಳಿಗ್ಗೆ ಅವಳು ಹಿಂದೆಯೇ ಹೋದಳು. ನಾಲ್ಕು ಬೀದಿ ಕೂಡುವಲ್ಲಿ ಪೇಪರ್ ಮಾರುವವನ ಗೂಡಿನ ಮರೆಯಲ್ಲಿ ನಿಂತು ನೋಡಿದಳು. ಕಂಬ ಬೀದಿದೀಪಕ್ಕೆ ಒರಗಿ ಕೈಕಟ್ಟಿ ನಿಂತಿದ್ದ. ಅವಳ ಗಂಡ ಒಂದು ಬೀದಿಯಲ್ಲಿ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ. ಕಂಬ ಅಲ್ಲವೆಂದು ತಲೆ ಅಲ್ಲಾಡಿಸಿದ. ವಾಪಸು ಬಂದು ಇನ್ನೊಂದು ಬೀದಿಗೆ ಹೋದ, ಮತ್ತೆ ಅಲ್ಲ. ಗುಮ್ಮಟ ಏನೋ ಬೇಡಿಕೊಳ್ಳುವವನಂತೆ ಕೈ ಚಾಚಿದ. ಕಂಬ ಕಟ್ಟಿದ ಕೈ ಬಿಚ್ಚಲಿಲ್ಲ. ಮೂರನೆಯ ಸಲ ಮನೆಯ ಬೀದಿ ಹಿಡಿದಾಗ ಮಾತ್ರ ಕಂಬ ಚಪ್ಪಾಳೆ ತಟ್ಟಿದ. ಊರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟುವ ಮನುಷ್ಯನನ್ನು ನಾಯಿಮರಿಗೆ ಆಟ ಕಲಿಸುವ ಹಾಗೆ ಬೀದಿಯಲ್ಲಿ ಓಡಾಡಿಸುತ್ತಿದ್ದಾನೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಯಾವುದೋ ಗುಟ್ಟು ಇವನ ಕೈಗೆ ಸಿಕ್ಕಿದೆ, ಅದನ್ನಿಟ್ಟುಕೊಂಡೇ ಕುಣಿಸುತ್ತಿದ್ದಾನೆ ಎಂದು ತೀರ್ಮಾನಿಸಿದಳು.

ಉರಿಯುವ ಬೆಂಕಿಗೆ ತುಪ್ಪ ಸುರಿದವನು ರಂಗಮಂದಿರದ ಮಾಲೀಕ. ಜೋಡಿಗೆ ನಲವತ್ತು ವರ್ಷ ತುಂಬಿದ್ದಕ್ಕೆ ದೊಡ್ಡದೊಂದು ಪ್ರದರ್ಶನ ಏರ್ಪಾಡಾಗಿತ್ತು. 'ಇದೇ ಕೊನೇದಾಗ್ಲಿ, ಆಮೇಲೆ ಅಣ್ಣ ವೇದಿಕೆ ಹತ್ತೋದು ಬೇಡ ಅಂತ ಕಂಬ ಅವರೇ ಹೇಳಿದ್ರಮ್ಮ. ನಿಮಗೆ ಗೊತ್ತಿಲ್ವಾ?' ಎಂದ ಅವನು.

'ಗೊತ್ತಾಯ್ತು, ಈಗ ಎಲ್ಲಾ ಗೊತ್ತಾಯ್ತು' ಎಂದಳು ಅವಳು. 'ಕೇಳಿ, ಅವನು ಹತ್ತಿದ್ರೆ ನನ್ನ ಯಜಮಾನರು ಹತ್ತಲ್ಲ. ಬೇರೆ ಗುಮಾಸ್ತನ್ನ ನೋಡಿ.'

ಮಾಲೀಕ ಊರಿಗೆಲ್ಲ ಹುಲಿ, ಇವಳ ಮುಂದೆ ಇಲಿ. ರೇಡಿಯೋದಲ್ಲಿ ಸುದ್ದಿ ಓದುವವನೊಬ್ಬನನ್ನು ಗೊತ್ತುಮಾಡಿದ. ಅವನು ಹಳೆಯ ಧ್ವನಿಮುದ್ರಣ ಕೇಳಿ ಪ್ರತಿ ಪ್ರಶ್ನೆಯನ್ನೂ ಇದ್ದ ಹಾಗೇ ಬಾಯಿಪಾಠ ಮಾಡಿಕೊಂಡ. 'ಬಣ್ಣ?' ಅಂದರೆ ಬಣ್ಣ. ಅವಳಿಗೆ ಬೇಕಾದದ್ದೂ ಅದೇ.

ಕಂಬನಿಗೆ ಹೇಳುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆ ಅವನದು, ಮದುವೆಯಾಗದವನು. ಕಿಟಕಿಯಲ್ಲಿ ಒಗೆದ ಕಾಲುಚೀಲ ಒಣಗುತ್ತಿದ್ದವು. ಅವಳು ಕೂರಲಿಲ್ಲ, ನಿಂತೇ ಹೇಳಿ ಮುಗಿಸಿದಳು. 'ಉಂಡ ಮನೆಗೆ ಎರಡು ಬಗೆದೆಯಲ್ಲೋ' ಎನ್ನುವ ಮಾತನ್ನೂ ಸೇರಿಸಿದಳು. ಅವನ ಮುಖ ಎಂದಿನಂತೆಯೇ ಅಲುಗಲಿಲ್ಲ.

'ಅತ್ತಿಗೆ, ಅಣ್ಣನ್ನ ಒಂದು ಮಾತು ಕೇಳಿದ್ರಾ?'

'ಅವರನ್ನ ಕೇಳೋದೇನಿದೆ? ಅವರ ಬಾಯಿ ನೀನು ಯಾವಾಗಲೋ ಕಟ್ಟಿದೀಯ.'

ಕಂಬ ಕಿಟಕಿಯ ಕಾಲುಚೀಲ ತೆಗೆದು ಮಡಚಿಟ್ಟ. ಆಮೇಲೆ, 'ಹಿಂದಿನ ಸಾಲಲ್ಲಿ ಒಂದು ಟಿಕೆಟ್ಟಾದ್ರೂ ಕೊಡಿಸ್ತೀರಾ?' ಎಂದ.

'ಎಲ್ಲರ ಹಾಗೆ ಕ್ಯೂನಲ್ಲಿ ನಿಂತು ತಗೋ.'

'ಆಗಲಿ ಅತ್ತಿಗೆ.'

ಮೆಟ್ಟಿಲಿಳಿಯುತ್ತಾ ಅವಳು ಅಂದುಕೊಂಡಳು: ತಪ್ಪಿಲ್ಲದವನಾಗಿದ್ದರೆ ಜಗಳಕ್ಕೆ ಬರುತ್ತಿದ್ದ, ಕೂಗಾಡುತ್ತಿದ್ದ. ಸುಮ್ಮನಿದ್ದಾನೆಂದರೆ ಹೊಟ್ಟೆಯೊಳಗೆ ಏನೋ ಇದೆ. ಇದ್ದದ್ದು ನಿಜ, ಏನು ಎನ್ನುವುದಷ್ಟೇ ಅವಳಿಗೆ ತಪ್ಪಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದಳು. 'ಕಂಬ ಬರಲ್ವಾ?' ಎಂದು ಕೇಳಿ ಅವನು ಚಹಾದ ಲೋಟ ಕೈಗೆತ್ತಿಕೊಂಡ. ಚಹಾ ಕುಡಿದು ಲೋಟ ಕೆಳಗಿಟ್ಟವನೇ, 'ಕಂಬ ಎಲ್ಲೇ? ಇನ್ನೂ ಬಂದಿಲ್ಲ?' ಎಂದು ಕೇಳಿದ. ತನ್ನನ್ನು ಚುಚ್ಚಲೆಂದೇ ಕೇಳುತ್ತಿದ್ದಾನೆ ಎಂದು ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಪ್ರದರ್ಶನದ ಸಂಜೆ ರಂಗಮಂದಿರದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಅವಳು ಕೊಕ್ಕೆಯನ್ನು ಎರಡೆರಡು ಸಲ ಹೊಲಿದು, ಛತ್ರಿ ನೇತುಹಾಕಿ, ಗಂಡನ ಬೆನ್ನು ತಟ್ಟಿ ಕಳಿಸಿದಳು. ಅವನು ವೇದಿಕೆಗೆ ಬಂದದ್ದೇ ತಡ, ಜನ ನಗತೊಡಗಿದರು. ಬೆನ್ನು ತಿರುಗಿಸಿದಾಗಂತೂ ಮಾಡು ಹಾರಿಹೋಗುವಂಥ ನಗು. ಪೆಟ್ಟಿಗೆಯ ಮೇಲೆ ಕೂತಿದ್ದ ಅವಳಿಗೆ ಹೆಮ್ಮೆಯಿಂದ ಎದೆ ಉಬ್ಬಿತು.

'ಬಣ್ಣ?' ಎಂದ ಹೊಸ ಗುಮಾಸ್ತ, ಸುದ್ದಿ ಓದುವ ಸ್ಪಷ್ಟ ದನಿಯಲ್ಲಿ.

ಮೌನ. ಜನರಲ್ಲಿ ಸಣ್ಣ ನಗು ಶುರುವಾಯಿತು. ಮೌನ ಬೆಳೆಯಿತು, ನಗುವೂ ಬೆಳೆಯಿತು. ನೋಡಿ, ಹಳೆಯ ಮಾತು ಹಳೆಯ ಜಾಗಕ್ಕೆ ಬಂದ ಕೂಡಲೆ ಹೇಗೆ ಹೊಳೆಯುತ್ತಿದ್ದಾನೆ ನನ್ನ ಗಂಡ ಎಂದುಕೊಂಡಳು.

'ಛತ್ರಿಯ ಬಣ್ಣ ಕೇಳಿದೆ ಸ್ವಾಮಿ,' ಎಂದ ಗುಮಾಸ್ತ ಮತ್ತೆ. ಜನ ಕುರ್ಚಿಯ ತೋಳು ಬಡಿದು ನಕ್ಕರು.

ಇಷ್ಟುದ್ದದ ಮೌನ ಅವನು ಎಂದೂ ಹಿಡಿದವನಲ್ಲ. ಅವಳು ಎದ್ದು ಬಹುಕಾಲದ ಮೇಲೆ ಪರದೆಯ ಸೀಳಿಗೆ ಕಣ್ಣಿಟ್ಟಳು. ಗಂಡನ ಬೆನ್ನು ಕಂಡಿತು, ಕಾಲರಿಗೆ ನೇತಾಡುವ ಛತ್ರಿ ಕಂಡಿತು, ಬೆನ್ನ ಹಿಂದಿನ ಎಡಗೈ ಕಂಡಿತು. ಬೆರಳು ಬಡಿಯುತ್ತಿರಲಿಲ್ಲ. ಸಂತೆಯಲ್ಲಿ ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ ಆ ಕೈ ಕೋಟಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಅವಳಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಖಾಲಿ ಚೀಲ, ಕಪಾಟಿನ ಚಪ್ಪಲಿ, 'ಯಾವ ಮಾತು?', 'ಕಂಬ ಎಲ್ಲಿ?' ಯಾವುದೂ ತಮಾಷೆಯಾಗಿರಲಿಲ್ಲ. ಕಂಬ ಕೇಳುತ್ತಿದ್ದ ಉದ್ದುದ್ದ ಪ್ರಶ್ನೆಗಳು ಕಳ್ಳತನವಲ್ಲ. ಉತ್ತರವನ್ನು ಪ್ರಶ್ನೆಯೊಳಗಿಟ್ಟು ಗಂಡನ ಕೈಗೆ ಕೊಡುತ್ತಿದ್ದ. ಬೀದಿಯಲ್ಲಿ ಕಲಿಸುತ್ತಿದ್ದದ್ದು ಮನೆಯ ದಾರಿ. ಜಗತ್ತಿನಲ್ಲಿ ಬೇರೆ ಯಾರ ಗಂಡನಾಗಿದ್ದರೂ ಹೆಂಡತಿಗೆ ಎಂದೋ ಗೊತ್ತಾಗುತ್ತಿತ್ತು. ಮರೆವನ್ನೇ ಮಾರಿ ಬದುಕಿದವನ ಹೆಂಡತಿ ಮಾತ್ರ ಅದನ್ನು ನೋಡಿ ನಕ್ಕಿದ್ದಳು. ಈಗ ಇಡೀ ಸಭೆ ನಗುತ್ತಿತ್ತು, ನಡುವೆ ಅವಳ ಗಂಡ ದಾರಿ ತಪ್ಪಿ ಒಬ್ಬನೇ ನಿಂತಿದ್ದ. ಅವನನ್ನು ಅಲ್ಲಿ ಹಾಗೆ ನಿಲ್ಲಿಸಿದವಳು ತಾನೇ. ಮುಂದಿನ ಸಾಲಿನ ನಗು ಆಗಲೇ ತೆಳುವಾಗುತ್ತಿತ್ತು. ಇನ್ನೊಂದು ಗಳಿಗೆ ಕಳೆದರೆ ಜನಕ್ಕೂ ಗೊತ್ತಾಗಿಬಿಡುತ್ತಿತ್ತು.

'ರೀ ಗುಮಾಸ್ತರೇ!' ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. 'ಅವರ ಹಿಂದೆ ಕ್ಯೂನಲ್ಲಿ ನಿಂತು ನಿಂತು ನನ್ನ ಕಾಲಿಗೆ ಬೇರು ಬಂದಿದೆ. ಕಪ್ಪು ಛತ್ರಿ, ಬರಿಗೈಲಿ ಹೋದ ಭಾವಮೈದುನನ ಮುಖದ ಬಣ್ಣ ಅಂತ ಅವರು ಆಗಲೇ ಹೇಳಿಲ್ವಾ?'

ಸಭೆ ಭೋರ್ಗರೆಯಿತು. ಎಲ್ಲರೂ ಕತ್ತು ತಿರುಗಿಸಿದರು. ಉದ್ದನೆಯ ಕಂಬ ಎದ್ದು, ಮುಖದ ನರ ಅಲುಗಿಸದೆ, ಕುರ್ಚಿಗಳ ನಡುವಿನ ದಾರಿಯಲ್ಲಿ ಬರುತ್ತಿದ್ದ.

ಗುಮ್ಮಟನ ಬೆನ್ನು ನೆಟ್ಟಗಾಯಿತು. 'ಹೇಳಿದೀನಿ! ಆಗಲೇ ಹೇಳಿದೀನಿ!' ಎಂದು ಮೇಜು ಕುಟ್ಟಿದ.

'ಹಿಡಿ ಬಾತುಕೋಳಿ ತಲೇದು ಅಂತಾನೂ ಹೇಳಿದ್ರಿ ಅಲ್ವಾ ಸಾರ್? ನಿಮ್ಮ ಹೆಂಡತಿ ನಿಮಗಿಂತ ಅದರ ಹತ್ರಾನೇ ಜಾಸ್ತಿ ಮಾತಾಡೋದು?'

'ಅದು ತಿರುಗಿ ಮಾತಾಡಲ್ವಲ್ಲ, ಅದಕ್ಕೆ!' ಎಂದ ಗುಮ್ಮಟ. ಇದು ಹೊಸ ಮಾತು, ಅವನದೇ ಮಾತು. ಬೆನ್ನ ಹಿಂದಿನ ಕೈ ಕೋಟನ್ನು ಬಿಟ್ಟಿತು. ಪಾಪದ ಹೊಸ ಗುಮಾಸ್ತ ಬೆಪ್ಪಾಗಿ ಕೂತಿದ್ದ; ಜನ ಅದಕ್ಕೂ ನಕ್ಕರು. ಕಂಬ ವೇದಿಕೆ ಹತ್ತಿ, ಕಾಲರಿನಿಂದ ಛತ್ರಿ ತೆಗೆದು, ಅಂಗೈ ಚಾಚಿದ. ಗುಮ್ಮಟ ಸಹಿ ಹಾಕಿದ. ಪರದೆ ಬಿತ್ತು.

ಬಣ್ಣದ ಕೋಣೆಯಲ್ಲಿ ಗುಮ್ಮಟ ಕನ್ನಡಿಯ ಮುಂದೆ ಕೂತು ಮುಖ ಒರೆಸಿಕೊಳ್ಳುತ್ತಿದ್ದ. ಕಂಬ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲೇ ಎಂದು ಅವನು ಕೇಳುವ ಮೊದಲೇ ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

'ನಿನ್ನ ಬಾಯಿಗೇನಾಗಿತ್ತೋ? ಅಷ್ಟು ಬೈದೆನಲ್ಲ, ಒಂದು ಮಾತು ಹೇಳೋಕಾಗ್ಲಿಲ್ವಾ?'

'ಅಣ್ಣ ಆಣೆ ಹಾಕಿಸಿಕೊಂಡಿದ್ದ ಅತ್ತಿಗೆ,' ಎಂದ ಕಂಬ ದನಿ ತಗ್ಗಿಸಿ. 'ಡಾಕ್ಟರ ಹತ್ರ ಹೋಗಿ ಬಂದ ದಿನಾನೇ. ಅವಳಿಗೆ ಗೊತ್ತಾದ್ರೆ ನಾನು ಮರೆತಾಗೆಲ್ಲ ಅಳ್ತಾಳೆ ಕಣೋ, ಈಗ ನಗ್ತಾಳಲ್ಲ, ಇರೋ ಅಷ್ಟು ದಿನ ನಗಲಿ ಬಿಡು ಅಂದ.'

ಅಷ್ಟರಲ್ಲಿ ಗುಮ್ಮಟ ಕನ್ನಡಿಯಿಂದ ತಿರುಗಿದ. ಒರೆಸಿದ ಮುಖದಲ್ಲಿ ಅರ್ಧ ಬಣ್ಣ ಉಳಿದಿತ್ತು. ಕೋಣೆಯ ಮೂಲೆ ಮೂಲೆ ನೋಡಿ, ಕೊನೆಗೆ ಅವಳನ್ನು ನೋಡಿ, ಹೊರಗಿನವರ ಜೊತೆ ಮಾತಾಡುವ ಮರ್ಯಾದೆಯಲ್ಲಿ ಎದ್ದು ನಿಂತ.

'ಅಮ್ಮಾ, ಇಲ್ಲಿ... ನಾನು ಒಬ್ಬರನ್ನ ಹುಡುಕ್ತಿದ್ದೆ,' ಎಂದ. ಎಡಗೈ ಬೆನ್ನ ಹಿಂದೆ ಹೋಗಿ ಕೋಟನ್ನು ಹಿಡಿಯಿತು.

ಕಂಬ ಮುಂದೆ ಹೆಜ್ಜೆ ಇಟ್ಟ. ಅವಳು ಕೈ ಅಡ್ಡ ಹಿಡಿದು ಅವನನ್ನು ತಡೆದಳು. ಕಣ್ಣೊರೆಸಿಕೊಂಡು, ಮೇಜಿನ ಹಿಂದೆ ಹೋಗಿ, ಗುಮಾಸ್ತನ ಹಾಗೆ ನೆಟ್ಟಗೆ ಕೂತಳು.

'ಹೆಂಡತಿ ತಾನೇ ಸ್ವಾಮಿ ನೀವು ಹುಡುಕ್ತಿರೋದು?' ಎಂದು ಕೇಳಿದಳು. 'ಮೊಂಡು ಮೂಗು, ಜೋರು ಬಾಯಿ, ಹಾಲಿನವನಿಂದ ಹಿಡಿದು ಮೈದುನನವರೆಗೂ ಎಲ್ಲರ ಮೇಲೂ ಅನುಮಾನ. ನಿಮಗಿಂತ ಬಾತುಕೋಳಿ ಹತ್ರಾನೇ ಜಾಸ್ತಿ ಮಾತಾಡ್ತಾಳೆ. ಅಂಥವಳು ತಾನೇ?'

ಗುಮ್ಮಟ ಅವಳ ಮುಖವನ್ನೇ ನೋಡುತ್ತಾ ನಿಂತ. ನಿಧಾನವಾಗಿ ಅವನ ಕಣ್ಣಿಗೆ ಬೆಳಕು ಬಂತು.

'ಅವಳೇ,' ಎಂದ. 'ಸಿಕ್ಕಿದಾಳಾ?'

'ಸಿಕ್ಕಿದಾಳೆ. ಸಹಿ ಹಾಕಿ ಕರ್ಕೊಂಡು ಹೋಗಿ' ಎಂದು ಅವಳು ಅಂಗೈ ಚಾಚಿದಳು.

ಅವನು ಬಾಗಿ, ನಾಲಿಗೆಯ ತುದಿ ಕಚ್ಚಿಕೊಂಡು, ಬೆರಳಿನಿಂದ ಅವಳ ಅಂಗೈ ಮೇಲೆ ದೊಡ್ಡದಾಗಿ ಸಹಿ ಹಾಕಿದ. ಕಚಗುಳಿಯಾಯಿತು. ಅವಳು ನಕ್ಕಳು, ಅವನು ಆಸೆಪಟ್ಟ ಹಾಗೇ, ಹೊಟ್ಟೆ ಹಿಡಿದುಕೊಂಡು, ಜೋರಾಗಿ ನಕ್ಕಳು. ಅವನ ಮುಖ ಅರಳಿತು. ನಲವತ್ತು ವರ್ಷ ಮುಖ ಅಲುಗಿಸದೆ ನಿಂತಿದ್ದ ಕಂಬ ಮಾತ್ರ ಬಾಗಿಲ ಕಡೆ ತಿರುಗಿ, ಕರವಸ್ತ್ರ ಹುಡುಕುತ್ತಿದ್ದ.